ರಕ್ತ ಕಡಿಮೆ ಅಂತ ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡೂ ಬರೆದಿದ್ದಾರೆ. ಸ್ಟೆಂಟ್, ಶುಗರ್ ಇರೋರಿಗೆ ತಯಾರಿ ಹೇಗೆ?

ಹೊಸದುರ್ಗ ಸೀಮೆ ಕೇಳಿದ್ದು:

ಅಪ್ಪಾಜಿಗೆ 61 ವರ್ಷ, ಹೊಸದುರ್ಗದ ಹತ್ತಿರ ಹಳ್ಳಿ. ಸುಸ್ತು, ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ಏದುಸಿರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.2, ಎಂಸಿವಿ (ಕೆಂಪು ರಕ್ತಕಣದ ಗಾತ್ರ) 68, ಫೆರಿಟಿನ್ (ಮೈಯಲ್ಲಿರೋ ಕಬ್ಬಿಣದ ದಾಸ್ತಾನು) 6. ಕ್ರಿಯಾಟಿನಿನ್ (ಮೂತ್ರಪಿಂಡದ ಲೆಕ್ಕ) 1.4. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದೆ. ತಗೊಳ್ಳೋ ಮಾತ್ರೆ: ಆಸ್ಪಿರಿನ್ 75, ಕ್ಲೊಪಿಡೊಗ್ರೆಲ್ 75 (ಎರಡೂ ರಕ್ತ ತೆಳು ಮಾಡೋವು), ಹೊಟ್ಟೆ ಆಮ್ಲ ತಗ್ಗಿಸೋ ಒಮೆಪ್ರಝೋಲ್ 20, ಶುಗರಿಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್, ಬಿಪಿಗೆ ಟೆಲ್ಮಿಸಾರ್ಟಾನ್, ಈಗ ಹೊಸದಾಗಿ ಕಬ್ಬಿಣದ ಮಾತ್ರೆ. ಮಲಬದ್ಧತೆ ಮೊದಲಿಂದಲೂ ಇದೆ. ಆಗೀಗ ರಕ್ತ ಕಾಣಿಸುತ್ತೆ, "ಅದು ಮೂಲವ್ಯಾಧಿ, ಬಿಡು" ಅಂತಾರೆ.

ದಾವಣಗೆರೆಯಲ್ಲಿ ಮುಂದಿನ ವಾರ ಬೆಳಿಗ್ಗೆ 10:30ಕ್ಕೆ ಎರಡೂ ಸ್ಕೋಪ್ (ಬಾಯಿಂದ ಜಠರ, ಗುದದಿಂದ ದೊಡ್ಡ ಕರುಳು ನೋಡೋ ಕ್ಯಾಮೆರಾ ಕೊಳವೆ) ಕೊಟ್ಟಿದ್ದಾರೆ. ಕೈಗೆ ಕರುಳು ತೊಳೆಯೋ ಒಂದು ಪೌಡರ್ ಪ್ಯಾಕೆಟ್ (137.15 ಗ್ರಾಂ) ಕೊಟ್ಟು "ಹಿಂದಿನ ರಾತ್ರಿ ಕುಡಿದು ಖಾಲಿ ಹೊಟ್ಟೇಲಿ ಬನ್ನಿ" ಅಂದರು, ಅಷ್ಟೇ. ನನ್ನ ಪ್ರಶ್ನೆ: ಎರಡೂ ಬೇಕೇ ಬೇಕಾ? ಯಾವ ಮಾತ್ರೆ ನಿಲ್ಲಿಸಬೇಕು? ಊರಿಂದ ಬಸ್ಸಿಗೆ ಎರಡೂವರೆ ಗಂಟೆ, ಪೌಡರ್ ಕುಡಿದು ಹೇಗೆ ಬರೋದು? ಮನೇಲಿ ಎಲ್ಲರೂ ಬೆಂಗಳೂರಿಗೇ ಕರ್ಕೊಂಡು ಹೋಗು ಅಂತಿದ್ದಾರೆ.

---

ಮಧ್ಯ ಕರ್ನಾಟಕ ಫಿಸಿಶಿಯನ್:

ಎರಡೂ ಬೇಕು. ಫೆರಿಟಿನ್ 6 ಅಂದರೆ ಕಬ್ಬಿಣದ ದಾಸ್ತಾನು ಮುಗಿದಿದೆ, ಅದರಲ್ಲಿ ಸಂಶಯವೇ ಇಲ್ಲ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಈ ಕೊರತೆ ಕಂಡರೆ ಎಲ್ಲೋ ರಕ್ತ ಸೋರುತ್ತಿದೆ ಅಥವಾ ಕಬ್ಬಿಣ ಹೀರಿಕೆಯಾಗುತ್ತಿಲ್ಲ ಎಂದು ಲೆಕ್ಕ. ಜಠರದಿಂದ ದೊಡ್ಡ ಕರುಳಿನ ತುದಿಯವರೆಗೆ ನೋಡದೆ ಬಿಡುವಂತಿಲ್ಲ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೇ ಎಂದು ನೋಡುವ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಅದು ನೆಗೆಟಿವ್ ಬಂದರೂ ಸ್ಕೋಪ್ ಮಾಡಲೇಬೇಕು.

ಮೂಲವ್ಯಾಧಿಯ ಮಾತು. ಮೂಲವ್ಯಾಧಿಯಿಂದ ರಕ್ತಹೀನತೆ ಆಗುವುದುಂಟು, ಆದರೆ ಆ ತೀರ್ಮಾನ ಉಳಿದದ್ದೆಲ್ಲ ನೋಡಿ ಆದಮೇಲೆ. ದೊಡ್ಡ ಕರುಳಿನ ಬಲಭಾಗದ ಗಡ್ಡೆಗಳು (ಸೀಕಂ, ಅಸೆಂಡಿಂಗ್ ಕೋಲನ್) ನಿಧಾನವಾಗಿ ಜಿನುಗುತ್ತವೆ. ಅಲ್ಲಿ ಕರುಳು ಅಗಲ, ಮಲ ಇನ್ನೂ ನೀರಾಗಿಯೇ ಇರುತ್ತದೆ, ಹಾಗಾಗಿ ಅಡ್ಡಗಟ್ಟುವುದಿಲ್ಲ, ನೋವಿಲ್ಲ, ಕೆಂಪು ರಕ್ತವೂ ಕಾಣುವುದಿಲ್ಲ. ಬರೀ ಹಿಮೋಗ್ಲೋಬಿನ್ ಇಳಿಯುತ್ತದೆ. ಕೆಳಗೆ ಮೂಲವ್ಯಾಧಿ ಕಂಡಿತೆಂದು ಮೇಲಿನದನ್ನು ನೋಡದೆ ಬಿಟ್ಟರೆ ತಪ್ಪಿಹೋಗುವುದು ಇದೇ.

ಮೇಲಿನ ಭಾಗದಲ್ಲಿ ಇವರಿಗೆ ಕಾರಣಗಳಿಗೆ ಬರವಿಲ್ಲ: ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್, ಅದರ ಮೇಲೆ ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಗೊಳ್ಳುತ್ತಾರಾ ಕೇಳಿ. "ಇಲ್ಲ" ಅಂತಾರೆ, ಚೀಟಿ ಇಲ್ಲದ ಮಾತ್ರೆಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ಜೇಬು ನೋಡಿ. ಹೆಚ್. ಪೈಲೋರಿ ಎಂಬ ಜಠರದ ಬ್ಯಾಕ್ಟೀರಿಯಾ ಸೋಂಕು, ಬರಿಗಾಲಲ್ಲಿ ಹೊಲ ತೋಟ ಓಡಾಡುವವರಿಗೆ ಕೊಕ್ಕೆಹುಳು, ಗೋಧಿಯ ಗ್ಲೂಟನ್ ಆಗದ ಸೀಲಿಯಾಕ್ ಇವೂ ಪಟ್ಟಿಯಲ್ಲಿವೆ. ಆದ್ದರಿಂದ ಎಂಡೋಸ್ಕೋಪಿ ಮಾಡುವವರಿಗೆ "ಕಬ್ಬಿಣದ ಕೊರತೆಗೆ ಮಾಡಿಸುತ್ತಿದ್ದೇವೆ" ಎಂದು ಬಾಯಿ ಬಿಟ್ಟು ಹೇಳಿ, ಚೀಟಿಯಲ್ಲೂ ಬರೆಸಿ. ಬರೀ "ಗ್ಯಾಸ್ಟ್ರೈಟಿಸ್" ಎಂದು ಬರೆದಿದ್ದರೆ ನೋಡಲು ಸರಿ ಕಂಡ ಜಾಗದಿಂದ ಯಾರೂ ಬಯಾಪ್ಸಿ (ಪರೀಕ್ಷೆಗೆ ಸಣ್ಣ ತುಣುಕು) ತೆಗೆಯುವುದಿಲ್ಲ. ಡ್ಯುವೋಡಿನಂನ (ಸಣ್ಣ ಕರುಳಿನ ಮೊದಲ ತುಂಡು) ಎರಡನೇ ಭಾಗದಿಂದ ಕನಿಷ್ಠ 4 ತುಣುಕು, ಅದರ ಮುಂಚಿನ ಬಲ್ಬಿನಿಂದ 1–2, ಜಠರದ ಕೆಳಭಾಗ ಮತ್ತು ಮೈಯಿಂದ ಬೇರೆ ಬೇರೆ.

ಹೆಚ್. ಪೈಲೋರಿ ಬಗ್ಗೆ ಒಂದು ತೊಡಕು. ಒಮೆಪ್ರಝೋಲ್ ತಗೊಳ್ಳುತ್ತಿದ್ದರೆ ಪರೀಕ್ಷೆ ಸುಳ್ಳೇ ನೆಗೆಟಿವ್ ಬರಬಹುದು. ಸಾಮಾನ್ಯವಾಗಿ 2 ವಾರ ಮುಂಚೆ ಆ ಮಾತ್ರೆ, 4 ವಾರ ಮುಂಚೆ ಆಂಟಿಬಯಾಟಿಕ್ ನಿಲ್ಲಿಸಿರಬೇಕು. ಆದರೆ ಎರಡು ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಾ ರಕ್ತ ಸೋರಿಸಿಕೊಳ್ಳುತ್ತಿರುವವರಿಗೆ ಹೊಟ್ಟೆಯ ಕಾವಲು ತೆಗೆಯುವುದು ಜಾಣತನ ಅಲ್ಲ. ನಿಲ್ಲಿಸಬೇಡಿ; ನೆಗೆಟಿವ್ ಬಂದರೆ ಅದನ್ನು ಪೂರ್ತಿ ನಂಬದೆ ಮುಂದೆ ಇನ್ನೊಮ್ಮೆ ನೋಡಬಹುದು. ಅಂದ ಹಾಗೆ ಒಮೆಪ್ರಝೋಲ್, ಎಸೋಮೆಪ್ರಝೋಲ್ ಎರಡೂ ಕ್ಲೊಪಿಡೊಗ್ರೆಲ್ ಯಕೃತ್ತಿನಲ್ಲಿ ಕೆಲಸಕ್ಕೆ ತಯಾರಾಗುವುದನ್ನು ತಡೆಯುತ್ತವೆ. ಅದೇ ಗುಂಪಿನ ಪ್ಯಾಂಟೊಪ್ರಝೋಲಿಗೆ ಬದಲಿಸಬಹುದಾ ಎಂದು ಹೃದಯದ ಡಾಕ್ಟರನ್ನು ಕೇಳಿ.

ಸ್ಟೆಂಟಿನ ಮಾತ್ರೆಗಳ ವಿಚಾರ ಹೀಗೆ. ಆಸ್ಪಿರಿನ್ ನಿಲ್ಲಿಸುವ ಹಾಗಿಲ್ಲ. ಬರೀ ನೋಡುವುದಕ್ಕೆ, ಬಯಾಪ್ಸಿ ತೆಗೆಯುವುದಕ್ಕೆ ಕ್ಲೊಪಿಡೊಗ್ರೆಲ್ ಕೂಡ ನಿಲ್ಲಿಸಬೇಕಿಲ್ಲ. ದೊಡ್ಡ ಪಾಲಿಪ್ (ಕರುಳಿನ ಗೋಡೆಯಲ್ಲಿ ಬೆಳೆದ ಗಂಟು) ಸಿಕ್ಕಿ ಕತ್ತರಿಸಬೇಕಾದರೆ ಮಾತ್ರ ಕ್ಲೊಪಿಡೊಗ್ರೆಲ್ 5ರಿಂದ 7 ದಿನ ಮುಂಚೆ ನಿಂತಿರಬೇಕು. ಹಾಗಾಗಿ ಎರಡು ದಾರಿ: ಮೊದಲೇ ನಿಲ್ಲಿಸಿ ಒಂದೇ ಸಲಕ್ಕೆ ಮುಗಿಸುವುದು, ಅಥವಾ ಮಾತ್ರೆ ಮೇಲೆಯೇ ನೋಡಿ, ಪಾಲಿಪ್ ಇದ್ದರೆ ಇನ್ನೊಂದು ದಿನ ಕರೆಸಿ ತೆಗೆಯುವುದು. ಸ್ಟೆಂಟ್ ಹಾಕಿ ವರ್ಷ ದಾಟಿರುವುದರಿಂದ ಮೊದಲನೆಯದಕ್ಕೆ ಒಪ್ಪಿಗೆ ಸಿಗುವ ಸಾಧ್ಯತೆ ಇದೆ, ಆದರೆ ಆ ಒಪ್ಪಿಗೆ ಕೊಡಬೇಕಾದವರು ಸ್ಟೆಂಟ್ ಹಾಕಿದ ಡಾಕ್ಟರ್. ಸ್ಕೋಪಿನ ರಿಸೆಪ್ಷನ್ನಿನಲ್ಲಿ ಕೂತವರು "ರಕ್ತದ ಮಾತ್ರೆ ಎಲ್ಲಾ ಒಂದು ವಾರ ಬಿಡಿ" ಅಂದರೆ ಅದನ್ನು ಕೇಳಬೇಡಿ. ಸ್ಕೋಪ್ ಮುಂದಿನ ವಾರವೇ ಇರುವುದರಿಂದ ಈ ಫೋನ್ ಇವತ್ತೇ ಆಗಬೇಕು.

ಇನ್ನೊಂದು, ಹೃದಯದ ತೊಂದರೆ ಇರುವವರಲ್ಲಿ ಹಿಮೋಗ್ಲೋಬಿನ್ 8ರ ಕೆಳಗೆ ಇಳಿದರೆ ರಕ್ತ ಕೊಡುವ ಯೋಚನೆ ಮಾಡುತ್ತಾರೆ. ಇವರು ಆ ಗೆರೆಯ ಹತ್ತಿರವೇ ಇದ್ದಾರೆ. ಸ್ಕೋಪಿನ ಒಂದೆರಡು ದಿನ ಮುಂಚೆ ಇನ್ನೊಂದು ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ. ನಡುವೆ ಮಲ ಡಾಂಬರಿನಷ್ಟು ಕಪ್ಪಗೆ, ಅಂಟಂಟಾಗಿ ಹೋದರೆ ಅಥವಾ ಎದೆನೋವು ಬಂದರೆ ದಿನಾಂಕ ಕಾಯಬೇಡಿ, ನೇರ ಎಮರ್ಜೆನ್ಸಿಗೆ.

---

ಸ್ಕೋಪ್ ರೂಮ್ ಸಿಸ್ಟರ್:

ಡಾಕ್ಟ್ರು ಬಲಭಾಗದ ಮಾತು ಹೇಳಿದ್ರಲ್ಲ, ಪೌಡರ್ ಕುಡಿಯೋ ಹೊತ್ತಿಗೂ ಅದಕ್ಕೂ ನೇರ ಸಂಬಂಧ ಐತ್ರೀ. "ರಾತ್ರಿನೇ ಎಲ್ಲಾ ಕುಡಿದು ಬನ್ನಿ" ಅನ್ನೋದು ಹಳೇ ಪದ್ಧತಿ. ರಾತ್ರಿ ಎಷ್ಟೇ ತೊಳೆದ್ರೂ ಬೆಳಗಾಗೋದ್ರೊಳಗೆ ಸಣ್ಣ ಕರುಳಿನಿಂದ ಪಿತ್ತದ ಅಂಟು ರಸ ಇಳಿದು ಬಲಭಾಗದ ಗೋಡೆಗೆ ಬಳ್ಕೊಂಡು ಕೂತಿರುತ್ತೆ. ಎಡಭಾಗ ಫಳಫಳ, ಬಲಭಾಗ ಹಳದಿ ಲೇಪ. ಚಪ್ಪಟೆ ಪಾಲಿಪ್ ಅದರಡಿ ಕಾಣೋದೇ ಇಲ್ಲ. ಅದಕ್ಕೇ ಅರ್ಧ ಸಂಜೆ, ಅರ್ಧ ಬೆಳಿಗ್ಗೆ. ನಿಮಗೆ ಕೊಟ್ಟ ಕಡೆ ಫೋನ್ ಮಾಡಿ "ಎರಡು ಭಾಗ ಮಾಡಿ ಕುಡಿಸ್ತೀವಿ" ಅಂತ ಹೇಳ್ರಿ, ಬೇಡ ಅನ್ನಲ್ಲ.

ಲೆಕ್ಕ: 137.15 ಗ್ರಾಂ ಪ್ಯಾಕೆಟ್ ಅಂದ್ರೆ 2 ಲೀಟರ್ ನೀರಿಗೆ. ಚೊಂಬು, ತಂಬಿಗೆ ಅಳತೆ ಬೇಡ. ಒಂದು ಲೀಟರಿನ ನೀರಿನ ಬಾಟ್ಲಿ ಎರಡು ಸಲ ತುಂಬಿ ಸುರೀರಿ. ನೀರು ಕಮ್ಮಿ ಹಾಕಿದ್ರೆ ಬೇಗ ಮುಗಿಯುತ್ತೆ ಅಂತ ಗಟ್ಟಿಯಾಗಿ ಕಲಸ್ತಾರೆ, ಅದು ತಪ್ಪು. ಈ ಪೌಡರು ಮೈಗೆ ಹೀರೋದಿಲ್ಲ, ತನ್ನ ನೀರನ್ನ ತಾನೇ ಹೊತ್ಕೊಂಡು ಕರುಳು ತೊಳೆದು ಹೊರಗೆ ಹೋಗುತ್ತೆ. ನೀರು ಕಮ್ಮಿಯಾದ್ರೆ ಮೈಯಿಂದ ಎಳ್ಕೊಳ್ಳುತ್ತೆ, ತಲೆ ಸುತ್ತುತ್ತೆ, ವಾಂತಿ.

ಸಕ್ಕರೆ, ಗ್ಲೂಕೋಸ್, ಜೇನು ಬೆರೆಸಬ್ಯಾಡ್ರಿ. ಸಕ್ಕರೆ ಸೇರಿದ್ರೆ ನೀರು ಉಪ್ಪು ಮೈಗೆ ಹೀರುತ್ತೆ, ತೊಳೆಯೋ ಕೆಲಸ ಅರ್ಧ ಆಗುತ್ತೆ. ಹೀರದೆ ಉಳಿದದ್ದು ಹುಳಿತು ಗ್ಯಾಸ್ ಆಗುತ್ತೆ, ಪಾಲಿಪ್ ಕರೆಂಟಿನಲ್ಲಿ ಸುಡೋವಾಗ ಕರುಳೊಳಗೆ ಹತ್ಕೊಳ್ಳೋ ಗ್ಯಾಸ್ ಇರಬಾರದು. ಹಿಂದೆ ಮ್ಯಾನಿಟಾಲ್ (ಸಕ್ಕರೆ ಜಾತಿದು) ಕುಡಿಸ್ತಿದ್ರು, ಅದನ್ನ ಬಿಟ್ಟಿದ್ದಕ್ಕೆ ಇದೂ ಒಂದು ಕಾರಣ. ರುಚಿ ಸೇರಲ್ಲ ಅಂದ್ರೆ ತಣ್ಣಗೆ ಮಾಡಿ ಕುಡಿಸ್ರಿ, ಮಧ್ಯೆ ನಿಂಬೆ ಹೋಳು ಚೀಪ್ಲಿ.

10:30ಕ್ಕೆ ಇದ್ರೆ ಹಿಂದಿನ ಸಂಜೆ 6ಕ್ಕೆ ಮೊದಲ ಲೀಟರ್, 250 ಮಿಲಿ ಲೋಟದಲ್ಲಿ ಕಾಲು ಗಂಟೆಗೊಂದು. ಬೆಳಿಗ್ಗೆ 5:30ಕ್ಕೆ ಎರಡನೇ ಲೀಟರ್ ಶುರು, 7ರೊಳಗೆ ಮುಗಿಸ್ರಿ. ಏನೇ ಆದ್ರೂ 8:30ರ ಮೇಲೆ ಒಂದು ಗುಟುಕು ನೀರೂ ಇಲ್ಲ, ನಿದ್ದೆ ಇಂಜೆಕ್ಷನ್ ಕೊಡೋವಾಗ ಹೊಟ್ಟೇಲಿ ನೀರಿದ್ರೆ ಶ್ವಾಸಕೋಶಕ್ಕೆ ಹೋಗುತ್ತೆ. ವಾಕರಿಕೆ ಬಂದ್ರೆ ಅರ್ಧ ಗಂಟೆ ಬಿಟ್ಟು ಮತ್ತೆ ನಿಧಾನಕ್ಕೆ. ಹೊಟ್ಟೆ ಉಬ್ಬಿ, ಮಲ ಗಾಳಿ ಯಾವುದೂ ಹೋಗ್ದೆ ವಾಂತಿ ಹತ್ಕೊಂಡ್ರೆ ಕುಡಿಸೋದು ನಿಲ್ಲಿಸಿ ಆಸ್ಪತ್ರೆಗೆ ಹೋಗ್ರಿ, ಒಳಗೆ ಅಡ್ಡ ಕಟ್ಟಿರಬಹುದು.

ಕೊನೇಗೆ ಮೂತ್ರದಂಗೆ ತಿಳಿ ಹಳದಿ ನೀರು ಹೋಗ್ಬೇಕು, ಕಾಳು ಕಸ ಇರಬಾರದು. "ಹತ್ತು ಸಲ ಹೋಯ್ತು" ಅಂತಾರೆ, ನಾವು ಎಷ್ಟು ಸಲ ಅಂತ ಕೇಳಲ್ಲ, ಕೊನೇ ಸಲ ಹೋಗಿದ್ದು ಯಾವ ಬಣ್ಣ ಅಂತ ಕೇಳ್ತೀವಿ. ಕಂದು ನೀರು ಅಂದ್ರೆ ಬರೋಕೆ ಮುಂಚೆನೇ ಫೋನ್ ಮಾಡ್ರಿ.

ಬಸ್ಸು ಬ್ಯಾಡವೇ ಬ್ಯಾಡ. ಎರಡನೇ ಲೀಟರ್ ಮುಗಿದ ಮೇಲೂ ಒಂದೆರಡು ಗಂಟೆ ಹೋಗ್ತಾನೇ ಇರುತ್ತೆ. ಹಿಂದಿನ ಮಧ್ಯಾಹ್ನವೇ ದಾವಣಗೆರೆಗೆ ಬಂದು ಆಸ್ಪತ್ರೆ ಹತ್ರ ರೂಮ್ ಹಿಡೀರಿ, ರೂಮೊಳಗೇ ಟಾಯ್ಲೆಟ್ ಇರ್ಲಿ, ಕೂರೋ ಕಮೋಡ್ ಆದ್ರೆ ಒಳ್ಳೇದು. ರಕ್ತ ಕಮ್ಮಿ ಇರೋರು ರಾತ್ರಿ ಕುಕ್ಕರಗಾಲಿಂದ ಎದ್ದಾಗ ಕಣ್ಣು ಕತ್ತಲೆ ಬಂದು ಬೀಳ್ತಾರೆ. ಬಾಗಿಲು ಚಿಲಕ ಹಾಕಿಸ್ಬ್ಯಾಡ್ರಿ.

ಊಟ: ಮಲಬದ್ಧತೆ, ಶುಗರ್ ಎರಡೂ ಇರೋದ್ರಿಂದ ಒಂದು ದಿನ ಪಥ್ಯ ಸಾಲಲ್ಲ, ಮೂರು ದಿನ ಮಾಡ್ರಿ. ಮುದ್ದೆ, ಜೋಳದ ರೊಟ್ಟಿ, ಸೊಪ್ಪು, ಹುರುಳಿ, ಅವರೆ, ಶೇಂಗಾ, ಗುರೆಳ್ಳು ಚಟ್ನಿಪುಡಿ, ಸೀಬೆ, ದಾಳಿಂಬೆ, ಟೊಮೆಟೊ ಬೀಜ ಎಲ್ಲಾ ಬಂದ್. ಬೀಜ, ಸಿಪ್ಪೆ ಸ್ಕೋಪಿನ ಹೀರೋ ಕೊಳವೆಗೆ ಸಿಕ್ಕಿ ಕಟ್ಟುತ್ತೆ, ಅದನ್ನ ಬಿಡಿಸೋದ್ರಲ್ಲೇ ಹೊತ್ತು ಹೋಗುತ್ತೆ. ಬಿಳಿ ಅನ್ನ, ಇಡ್ಲಿ, ರವೆ ಗಂಜಿ, ಬ್ರೆಡ್, ಮೊಟ್ಟೆ, ಮೊಸರು ನಡೆಯುತ್ತೆ. ದಾವಣಗೆರೆಗೆ ಬಂದ್ವಿ ಅಂತ ಮಂಡಕ್ಕಿ ಮಿರ್ಚಿ ಕಡೆ ಹೋಗ್ಬ್ಯಾಡ್ರಿ, ಬೆಣ್ಣೆ ದೋಸೆ ಸ್ಕೋಪ್ ಆದ್ಮೇಲೆ ಮಾರನೇ ದಿನಕ್ಕಿರ್ಲಿ. ಹಿಂದಿನ ದಿನ ಬೆಳಿಗ್ಗೆ ಎರಡು ಇಡ್ಲಿ ಆದ್ಮೇಲೆ ಬರೀ ತಿಳಿ ದ್ರವ: ಸೋಸಿದ ನಿಂಬೆ ನೀರು, ಹಾಲಿಲ್ಲದ ಟೀ, ಸೋಸಿದ ತಿಳಿಸಾರು. ಅಂಬಲಿ, ಮಜ್ಜಿಗೆ, ಹಾಲು ತಿಳಿ ದ್ರವ ಅಲ್ಲ. ಕೆಂಪು ನೇರಳೆ ಬಣ್ಣದ ಶರಬತ್ತು ಬ್ಯಾಡ, ಒಳಗೆ ರಕ್ತದಂಗೇ ಕಾಣುತ್ತೆ. ಎಲೆ ಅಡಿಕೆ, ಗುಟ್ಕಾ ಹಿಂದಿನ ದಿನವೇ ಬಿಡಿಸ್ರಿ.

---

ದುರ್ಗದ ಫಾರ್ಮಸಿಸ್ಟ್:

ಮಾತ್ರೆಗಳಲ್ಲಿ ಉಳಿದವು. ಇದನ್ನು ಬರೆದುಕೊಂಡು ನಿಮ್ಮ ಶುಗರ್ ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ.

ಕಬ್ಬಿಣದ ಮಾತ್ರೆ ಇವತ್ತೇ ನಿಲ್ಲಲಿ, 7 ದಿನದ ಅಂತರ ಬೇಕು. ಅದು ಮಲವನ್ನು ಕಪ್ಪು, ಜಿಗುಟು ಮಾಡಿ ಗೋಡೆಗೆ ಹಿಡಿಸುತ್ತದೆ, ಎಷ್ಟು ತೊಳೆದರೂ ಬಿಡದು. ಸಿಸ್ಟರ್ ಕೇಳುವ ಬಣ್ಣದ ಲೆಕ್ಕವೂ ತಪ್ಪುತ್ತದೆ.

ಡಾಪಾಗ್ಲಿಫ್ಲೋಜಿನ್ ಬಗ್ಗೆ ಯಾರೂ ಹೇಳಿರುವುದಿಲ್ಲ, ಆದರೆ ಈ ಪಟ್ಟಿಯಲ್ಲಿ ನನಗೆ ಹೆಚ್ಚು ಭಯ ಇರುವುದು ಅದರದ್ದೇ. ಉಪವಾಸ, ಭೇದಿ ಜೊತೆ ಸೇರಿದರೆ ಶುಗರ್ 180–200 ಇದ್ದರೂ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿ ಬರುವ ಆಮ್ಲ) ಏರಿ ಆಮ್ಲತೆ ಆಗಬಹುದು. ಗ್ಲೂಕೋಮೀಟರ್ ನೋಡಿ "ಸರಿಯಾಗಿದೆ" ಎಂದು ಕೂತುಬಿಡುತ್ತಾರೆ. 3 ದಿನ ಮುಂಚೆ ನಿಲ್ಲಬೇಕು, ಊಟ ಮೊದಲಿನಂತೆ ಆದಮೇಲೆ ಶುರು. ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿಸಿ ಬರುವುದೂ ಇದೆ, ಸ್ಟ್ರಿಪ್ ಹಿಂದಿನ ಹೆಸರು ಓದಿ.

ಗ್ಲಿಮೆಪಿರೈಡ್ ತಿಳಿ ದ್ರವ ಶುರುವಾದಲ್ಲಿಂದ ಬೇಡ, ಶುಗರ್ ಬೀಳಿಸುವುದು ಅದೇ. ಮೆಟ್‌ಫಾರ್ಮಿನ್ ಸ್ಕೋಪಿನ ದಿನ ಬೇಡ. ಹಿಂದಿನ ದಿನ ಅರ್ಧವೋ ಪೂರ್ತಿ ಬಿಡುವುದೋ ಡಾಕ್ಟರ್ ಹೇಳಿದಂತೆ. ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ. 70ರ ಕೆಳಗೆ ಬಂದರೆ 3 ಟೀ ಚಮಚ ಸಕ್ಕರೆ ಅರ್ಧ ಲೋಟ ಬೇರೆ ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಸಿಸ್ಟರ್ ಬೇಡ ಅಂದದ್ದು ಪೌಡರ್ ನೀರಿಗೆ ಬೆರೆಸುವುದನ್ನು. ಶುಗರ್ ಬಿದ್ದಾಗ ಕೊಡುವ ಸಕ್ಕರೆಗೆ ಅಡ್ಡಿಯಿಲ್ಲ. 8:30ರ ನಂತರ ಬಿದ್ದರೆ ಬಾಯಿಗೆ ಏನೂ ಹಾಕದೆ ಸ್ಕೋಪ್ ರೂಮಿಗೆ ತಿಳಿಸಿ, ಡ್ರಿಪ್‌ನಲ್ಲಿ ಕೊಡುತ್ತಾರೆ. ಪ್ರಜ್ಞೆ ಮಂಕಾಗುವ ಹಾಗಿದ್ದರೆ ಮೊದಲು ಶುಗರ್ ಸರಿಪಡಿಸಲಿ, ಸ್ಕೋಪ್ ಮುಂದೆ ಹೋದರೂ ಹೋಗಲಿ.

ಟೆಲ್ಮಿಸಾರ್ಟಾನ್: ಭೇದಿಯಲ್ಲಿ ನೀರು ಕಳೆದುಕೊಂಡಾಗ ಬಿಪಿ ಇಳಿಯುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಪೌಡರ್ ಕುಡಿಯುವ ಹೊತ್ತಿಗೆ ತಡೆಹಿಡಿಯಲೇ ಎಂದು ಕೇಳಿ. ಮೆಟೊಪ್ರೊಲಾಲ್ ತರಹದ ಹೃದಯದ ಮಾತ್ರೆ ಇದ್ದರೆ ಅದು ಬಿಡುವಂತಿಲ್ಲ, ಒಂದು ಗುಟುಕು ನೀರಲ್ಲಿ ನಸುಕಿಗೇ ನುಂಗಲಿ.

ಕ್ರಿಯಾಟಿನಿನ್ 1.4 ಇರುವುದರಿಂದ ಇನ್ನೊಂದು ಎಚ್ಚರ. ಅಂಗಡಿಯಲ್ಲಿ "ಎರಡು ಲೀಟರ್ ಯಾಕೆ, ಈ ಸಣ್ಣ ಬಾಟ್ಲಿ ಸಾಕು" ಎಂದು ಸೋಡಿಯಂ ಫಾಸ್ಫೇಟ್ ದ್ರಾವಣ ಕೊಡುವವರಿದ್ದಾರೆ. ವಯಸ್ಸಾದವರಿಗೆ, ಮೂತ್ರಪಿಂಡ ಸ್ವಲ್ಪವೇ ಸೋತಿದ್ದವರಿಗೂ ಅದು ಬೇಡ: ಫಾಸ್ಫೇಟ್ ಹರಳು ಮೂತ್ರಪಿಂಡದ ನಾಳಗಳಲ್ಲಿ ಕೂತು ಶಾಶ್ವತ ಹಾನಿ ಮಾಡಿದ್ದುಂಟು. ಪಾಲಿಎಥಿಲೀನ್ ಗ್ಲೈಕಾಲ್ ಎಂದು ಬರೆದಿರುವ ನಿಮ್ಮ ಪ್ಯಾಕೆಟ್ಟೇ ಸರಿ. ಮಲಬದ್ಧತೆಗೆ ಎರಡು ರಾತ್ರಿ ಮುಂಚಿನಿಂದ ಬಿಸಾಕೊಡಿಲ್ ಎಂಬ ಭೇದಿ ಮಾತ್ರೆ ಬೇಕಾಗಬಹುದು, ಕೇಳಿ ಬರೆಸಿಕೊಳ್ಳಿ.

---

ವಾಣಿವಿಲಾಸ:

ಬೆಂಗಳೂರಿನ ಪ್ರಶ್ನೆಗೆ ಯಾರೂ ಕೈಹಾಕಿಲ್ಲ. ಈ ಎರಡು ಪರೀಕ್ಷೆಗೆ ಬೆಂಗಳೂರು ಬೇಕಿಲ್ಲ. ದಾವಣಗೆರೆಯಲ್ಲೇ ಜೆಜೆಎಂ, ಎಸ್‌ಎಸ್ ಎಂದು ಎರಡು ಮೆಡಿಕಲ್ ಕಾಲೇಜುಗಳಿವೆ, ಸರ್ಕಾರದ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ. ವಾರದ ಯಾವ ದಿನ ಸ್ಕೋಪ್ ಮಾಡುವವರು ಇರುತ್ತಾರೆ, ಮಾಡುವವರು ಗ್ಯಾಸ್ಟ್ರೋ ಡಿಎಂ (ಹೊಟ್ಟೆ, ಕರುಳಿನ ತಜ್ಞರ ಪದವಿ) ಆದವರೋ ಸರ್ಜನ್ನೋ, ನಿದ್ದೆ ಕೊಡಲು ಅರಿವಳಿಕೆ ಡಾಕ್ಟರ್ ಬರುತ್ತಾರೋ, ಇಷ್ಟು ವಿಚಾರಿಸಿ. ಹೃದಯದ ರೋಗಿಗೆ ಕೊನೆಯದು ಮುಖ್ಯ. ಹೊರಗಿನಿಂದ ವಾರಕ್ಕೊಮ್ಮೆ ಬಂದು ಹೋಗುವ ತಜ್ಞರಾದರೆ, ಅವರು ಊರಲ್ಲಿಲ್ಲದಾಗ ತೊಂದರೆಯಾದರೆ ಯಾರು ನೋಡುತ್ತಾರೆ ಎಂದು ಮೊದಲೇ ಕೇಳಿ. ಪಾಲಿಪ್ ಕತ್ತರಿಸಿದ ಜಾಗದಿಂದ ಎರಡು ವಾರದವರೆಗೂ ರಕ್ತ ಬರಬಹುದು, ಕ್ಲೊಪಿಡೊಗ್ರೆಲ್ ಮತ್ತೆ ಶುರು ಮಾಡಿದವರಿಗೆ ಇನ್ನೂ ಹೆಚ್ಚು.

ದೊಡ್ಡ ಊರು ಬೇಕಾಗುವುದು ಮುಂದಿನ ಹಂತಕ್ಕೆ: 2 ಸೆಂ.ಮೀ.ಗಿಂತ ದೊಡ್ಡ ಚಪ್ಪಟೆ ಪಾಲಿಪ್ ತೆಗೆಯಲು, ಎರಡೂ ಸ್ಕೋಪ್ ನಾರ್ಮಲ್ ಬಂದು ಸಣ್ಣ ಕರುಳು ನೋಡಲು ಕ್ಯಾಮೆರಾ ಕ್ಯಾಪ್ಸೂಲ್ ನುಂಗಿಸಬೇಕಾದರೆ. ಸರ್ಕಾರಿ ಕಡೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿಗೆಂದೇ ಸಂಸ್ಥೆ ಇದೆ, ಕ್ಯಾನ್ಸರ್ ಆದರೆ ಕಿದ್ವಾಯಿ.

ಆದರೆ ಮುಂದೆ ಎಲ್ಲಿಗೇ ಹೋದರೂ ಈ ರಿಪೋರ್ಟ್ ಸರಿಯಿಲ್ಲದಿದ್ದರೆ ಇನ್ನೊಮ್ಮೆ ಪೌಡರ್ ಕುಡಿಯಬೇಕು. "ನಾರ್ಮಲ್ ಸ್ಟಡಿ" ಎಂದು ಒಂದೇ ಸಾಲು ಬರೆದುಕೊಟ್ಟರೆ ಒಪ್ಪಬೇಡಿ. ಸೀಕಂವರೆಗೆ (ದೊಡ್ಡ ಕರುಳು ಶುರುವಾಗುವ ಜಾಗ) ಹೋಯಿತೇ, ಅಪೆಂಡಿಕ್ಸ್ ಬಾಯಿ ಮತ್ತು ಐಲಿಯೋಸೀಕಲ್ ಕವಾಟದ (ಸಣ್ಣ ದೊಡ್ಡ ಕರುಳು ಕೂಡುವ ಬಾಗಿಲು) ಫೋಟೋ ಇದೆಯೇ, ಕರುಳು ಎಷ್ಟು ಸ್ವಚ್ಛವಿತ್ತು? ಸ್ವಚ್ಛತೆಗೆ ಅಂಕ ಕೊಡುವ ಬೋಸ್ಟನ್ ಸ್ಕೇಲಿನಲ್ಲಿ ದೊಡ್ಡ ಕರುಳಿನ ಮೂರು ಭಾಗಕ್ಕೆ (ಬಲ, ನಡು, ಎಡ) ತಲಾ 0ಯಿಂದ 3. ಪ್ರತಿ ಭಾಗಕ್ಕೂ ಕನಿಷ್ಠ 2, ಒಟ್ಟು 6 ಇದ್ದರೆ ಮಾತ್ರ ಆ "ನಾರ್ಮಲ್"ಗೆ ಬೆಲೆ. ಸ್ಕೋಪ್ ಹೊರಗೆಳೆಯುತ್ತಾ ನೋಡಿದ ಸಮಯ ಕನಿಷ್ಠ 6 ನಿಮಿಷ.

ಬಯಾಪ್ಸಿ ಡಬ್ಬಿ ನಿಮ್ಮ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುವುದುಂಟು. ಸಣ್ಣ ದೊಡ್ಡ ಕರುಳು ಕೂಡುವಲ್ಲಿ ಹುಣ್ಣು ಕಂಡರೆ ನಮ್ಮಲ್ಲಿ ಎರಡು ಅನುಮಾನ, ಕರುಳಿನ ಟಿಬಿ ಮತ್ತು ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತ). ಒಂದಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ಅಪಾಯ. ಪೆಥಾಲಜಿಗೆ ಹೋಗುವ ತುಣುಕು ಫಾರ್ಮಲಿನ್‌ನಲ್ಲಿ, ಟಿಬಿಯ ಜೀನ್‌ಎಕ್ಸ್‌ಪರ್ಟ್ (ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ) ಮತ್ತು ಕಲ್ಚರಿಗೆ (ರೋಗಾಣು ಬೆಳೆಸಿ ನೋಡುವುದು) ಹೋಗುವ ತುಣುಕು ನಾರ್ಮಲ್ ಸಲೈನ್‌ನಲ್ಲಿ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ರೋಗಾಣು ಸತ್ತು ಕಲ್ಚರ್ ಬೆಳೆಯುವುದೇ ಇಲ್ಲ. ಡಬ್ಬಿ ಎರಡಿದೆಯೇ ನೋಡಿಕೊಳ್ಳಿ.

ದುಡ್ಡಿನ ಮಾತು: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜಿನ ಶೇ 30ರಷ್ಟು. ಹೊರರೋಗಿಯಾಗಿ ಮಾಡಿಸುವ ಬರೀ ಪರೀಕ್ಷೆ ಅದರಲ್ಲಿ ಬರುತ್ತದೆ ಎಂದು ಎಣಿಸಿಕೊಂಡು ಹೋಗಬೇಡಿ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಖಾಸಗಿಯಲ್ಲಿ ಸೇರಿದ ಮೇಲೆ ಅದಕ್ಕೆ ಓಡುವುದು ಕಷ್ಟ. ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಮೊದಲೇ ಕಾಣಿ, ಇಲ್ಲವೇ 104ಕ್ಕೆ ಫೋನ್ ಮಾಡಿ.

---

ಹೊಸದುರ್ಗ ಸೀಮೆ:

ಎಲ್ಲರಿಗೂ ನಮಸ್ಕಾರ. ಹೃದಯದ ಡಾಕ್ಟರಿಗೆ ಫೋನ್ ಆಯ್ತು: ಆಸ್ಪಿರಿನ್ ಮುಂದುವರಿಸಿ, ಕ್ಲೊಪಿಡೊಗ್ರೆಲ್ 5 ದಿನ ಬಿಡಿ ಅಂದರು, ವಾಟ್ಸಾಪಿನಲ್ಲಿ ಬರೆದೂ ಕಳಿಸಿದರು. ಒಂದೇ ಪ್ರಶ್ನೆ ಉಳಿಯಿತು, ಸ್ಕೋಪ್ ಆದ ದಿನವೇ ಊರಿಗೆ ವಾಪಸ್ ಬರಬಹುದಾ?

---

ಸ್ಕೋಪ್ ರೂಮ್ ಸಿಸ್ಟರ್:

ಬರೀ ಬಯಾಪ್ಸಿ ಆದ್ರೆ, ಎಚ್ಚರ ಪೂರ್ತಿ ಬಂದು, ಗಾಳಿ ಹೋಗಿ, ಏನಾದ್ರೂ ತಿಂದು ದಕ್ಕಿಸ್ಕೊಂಡ ಮೇಲೆ ಸಂಜೆ ಹೋಗಬಹುದು. ಜೊತೆಗೆ ಒಬ್ರು ಇರ್ಲೇಬೇಕು, 24 ಗಂಟೆ ಗಾಡಿ ಓಡಿಸೋ ಹಾಗಿಲ್ಲ, ಪತ್ರಕ್ಕೆ ಸಹಿ ಹಾಕಿಸೋ ಹಾಗೂ ಇಲ್ಲ. ಪಾಲಿಪ್ ತೆಗೆದಿದ್ರೆ ಆ ರಾತ್ರಿ ದಾವಣಗೆರೆಯಲ್ಲೇ ಉಳೀರಿ. ಗಾಳಿ ಹೋದ ಮೇಲೂ ಕಮ್ಮಿ ಆಗದ ಹೊಟ್ಟೆನೋವು, ಹೊಟ್ಟೆ ಕಲ್ಲಂಗೆ ಗಟ್ಟಿ, ಜ್ವರ, ಹೆಪ್ಪುಗಟ್ಟಿದ ರಕ್ತ, ಇವುಗಳಲ್ಲಿ ಒಂದು ಕಂಡ್ರೂ ಊರಿನ ಕ್ಲಿನಿಕ್ಕಿಗಲ್ಲ, ಮಾಡಿದ ಆಸ್ಪತ್ರೆಗೇ ಬರಬೇಕು. ಕ್ಲೊಪಿಡೊಗ್ರೆಲ್ ಯಾವತ್ತಿಂದ ಮತ್ತೆ ಶುರು ಅನ್ನೋದನ್ನ ಡಿಸ್ಚಾರ್ಜ್ ಚೀಟಿಯಲ್ಲಿ ತಾರೀಖು ಹಾಕಿ ಬರೆಸ್ಕೊಳ್ರಿ, ಅದನ್ನ ಮರೆತು ತಿಂಗಳುಗಟ್ಟಲೆ ಬಿಟ್ಟಿರೋರು ಬಹಳ ಜನ ಇದ್ದಾರೆ.